ಮೂರೂವರೆ ಅಡಿ ಎತ್ತರದ ಗಾಜು

"ಚೆಂಡಿಗೆ ಕಣ್ಣಿರುತ್ತೇನಪ್ಪಾ?" ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ.

ಬಡಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಅರವತ್ತೊಂದು ವರ್ಷದ ಹೆಂಗಸೊಬ್ಬರು ಶಾಲೆಯ ಜಗಲಿಯಲ್ಲಿ ಮೊಣಕಾಲೂರಿ, ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಮೂಗು ತಾಗಿಸಿ ಕೂತು ಇಂಥ ಪ್ರಶ್ನೆ ಕೇಳಿದರೆ ಯಾರಿಗೆ ತಾನೇ ತೋಚೀತು?

"ಹಗ್ಗಕ್ಕೆ? ಅಲ್ಲಿ ಸುತ್ತಿಟ್ಟಿರೋ ಚಾಪೆಗಳಿಗೆ?"

"ಇಲ್ಲ ಮೇಡಂ."

"ಮತ್ತೆ ಈ ಗಾಜು ಯಾರು ನೋಡಲಿ ಅಂತ ಹಾಕಿದ್ದು?"

ಗಾಜು ಅಂಗೈಯಗಲದ ಒಂದು ಚೌಕ. ದಪ್ಪ ಮರದ ಬಾಗಿಲನ್ನು ಕೊರೆದು ಅದನ್ನು ಕೂರಿಸಿದ್ದರು. ಇನ್ಸ್‌ಪೆಕ್ಟರಮ್ಮ ಚೀಲದಿಂದ ಟೈಲರ್ ಟೇಪು ತೆಗೆದು ನೆಲದಿಂದ ಅಳೆದರು. ಮೂರೂವರೆ ಅಡಿ. ದೊಡ್ಡವರು ಇದರಲ್ಲಿ ಇಣುಕಬೇಕಾದರೆ ನಡು ಬಗ್ಗಿಸಬೇಕು. ಆರೇಳು ವರ್ಷದ ಮಗು ಒಳಗಿನಿಂದ ಹೊರಗೆ ನೋಡಬೇಕಾದರೆ ಸುಮ್ಮನೆ ನಿಂತರೆ ಸಾಕು.

"ಇದು ನಂದೇ ಕೆಲಸ" ಎಂದ ಬಡಗಿ, ಗಾಜಿನ ಸುತ್ತಲಿನ ಪಟ್ಟಿಯ ಮೇಲೆ ಬೆರಳಾಡಿಸಿ. "ಮೂಲೆ ಹೀಗೆ ಕೂಡಿಸೋದು ಈ ಊರಲ್ಲಿ ನಾನೊಬ್ನೇ. ನಾಲ್ಕು ವರ್ಷದ ಮೇಲಾಯ್ತು. ಮೇಲೆ ಕೂರಿಸ್ತೀನಿ, ಮನುಷ್ಯರು ನೋಡೋ ಎತ್ತರಕ್ಕೆ ಅಂದೆ. ಹೆಡ್‌ಮೇಡಂ ಬೇಡ ಅಂದ್ರು. ಇಲ್ಲಿಗೇ ಇರಲಿ ಅಂತ ಅವರೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಟ್ರು."

"ಯಾಕೆ ಅಂತ ಕೇಳಲಿಲ್ವಾ?"

"ಕೇಳ್ದೆ. ನಿಂಗ್ಯಾಕಪ್ಪಾ ಅಂದ್ರು. ನಂಗ್ಯಾಕೆ ಅಂತ ನಾನೂ ಸುಮ್ನಾದೆ."

ಏಳು ಬಡಗಿಗಳ ಅಂಗಡಿ ಅಲೆದದ್ದು ಸಾರ್ಥಕವಾಯಿತು. ಇನ್ಸ್‌ಪೆಕ್ಟರಮ್ಮ ಗೋಡೆ ಹಿಡಿದು ಎದ್ದರು. ಮೊಣಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಹಗುರಾಗಿತ್ತು. ಹದಿನಾಲ್ಕು ತಿಂಗಳಿಂದ ಯಾರ ಕೈಗೂ ಸಿಗದ ಈ ಶಾಲೆಯ ಜುಟ್ಟು ಕೊನೆಗೂ ಕೈಗೆ ಸಿಕ್ಕಿತ್ತು.

ಹದಿನಾಲ್ಕು ತಿಂಗಳ ಹಿಂದೆ ಈ ಸರ್ಕಾರಿ ಶಾಲೆಯ ಡ್ರಿಲ್ ಮಾಸ್ತರು, ಸಾಲಿನಲ್ಲಿ ನಿಂತು ಮಾತಾಡಿದಳೆಂದು ಮೂರನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಇದೇ ಕೋಣೆಗೆ ದಬ್ಬಿ ಚಿಲಕ ಹಾಕಿ, ಮರೆತು ಮನೆಗೆ ಹೋಗಿದ್ದ. ಸಂಜೆ ಕಾವಲುಗಾರ ಬಾಗಿಲು ತೆರೆದಾಗ ಮಗು ಚಾಪೆಗಳ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಅವತ್ತಿನಿಂದ ಅದರ ಬಾಯಿಂದ ಒಂದು ಮಾತೂ ಹೊರಟಿಲ್ಲ.

ಮಾಸ್ತರು ತಪ್ಪೊಪ್ಪಿಕೊಂಡು ಕೆಲಸ ಬಿಟ್ಟ. ಅಲ್ಲಿಗೆ ಮುಗಿಯಿತು ಎಂದಿತು ಇಲಾಖೆ. ಮಗುವಿನ ತಾಯಿಯ ಪರ ವಕೀಲರು ಇನ್ಸ್‌ಪೆಕ್ಟರಮ್ಮನಿಗೆ ಬಿಡಿಸಿ ಹೇಳಿದ್ದರು: "ಅವನೊಬ್ಬ ಕೆಟ್ಟವನು, ನಮಗೇನೂ ಗೊತ್ತಿರಲಿಲ್ಲ ಅಂತ ಇಲಾಖೆ ನುಣುಚಿಕೊಳ್ತಿದೆ. ಅವನ ಬುದ್ಧಿ ಮೊದಲೇ ಗೊತ್ತಿದ್ದೂ ಸುಮ್ಮನಿದ್ರು ಅಂತ ತೋರಿಸಿದ್ರೆ ಮಾತ್ರ ಶಾಲೆ, ಇಲಾಖೆ ಎರಡೂ ಉತ್ತರ ಕೊಡಬೇಕಾಗುತ್ತೆ. ಸೋಮವಾರದೊಳಗೆ ಒಂದು ಸಾಕ್ಷಿ ತನ್ನಿ. ಇಲ್ಲಾಂದ್ರೆ ಕೇಸು ಬಿದ್ದುಹೋಗುತ್ತೆ."

ಇವತ್ತು ಶನಿವಾರ.

ಇನ್ಸ್‌ಪೆಕ್ಟರಮ್ಮ ಎಂದರೆ ಪೊಲೀಸರಲ್ಲ. ಮೂವತ್ತು ವರ್ಷ ಶಾಲೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಈಗ ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡುತ್ತಾರೆ. ಕೆಲವರು ಪೊಲೀಸ್ ಎಂದುಕೊಂಡು ಹೆದರಿ ನಿಜ ಹೇಳಿಬಿಡುತ್ತಾರೆ. ಅಂಥವರನ್ನು ಅವರು ತಿದ್ದಲು ಹೋಗುವುದಿಲ್ಲ. ಈ ಶಾಲೆಗೂ ಕೆಲಸದಲ್ಲಿದ್ದಾಗ ಬಂದುಹೋದವರೇ. ಆದರೆ ಆಗ ಅವರ ಕೈಕೆಳಗೆ ನೂರಿಪ್ಪತ್ತು ಶಾಲೆಗಳಿದ್ದವು. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಗಂಟೆ, ಒಂದೇ ಬಗೆಯ ಹೆದರಿದ ಮುಖಗಳು.

ಹೆಡ್‌ಮೇಡಂ ಕೋಣೆಗೆ ಹೋಗುವ ಮುನ್ನ ಅವರು ಜಗಲಿಯ ಕಂಬಿಗಳ ನಡುವಿನಿಂದ ರಸ್ತೆಯಾಚೆ ನೋಡಿದರು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತಾಯಿ, ಮಗಳು ಕೂತಿದ್ದರು. ಗೇಟಿನ ಹತ್ತಿರಕ್ಕಾದರೂ ಮಗುವನ್ನು ಮೆಲ್ಲಗೆ ಅಭ್ಯಾಸ ಮಾಡಿಸಿ ಎಂದಿದ್ದರಂತೆ ಡಾಕ್ಟರು. ರಸ್ತೆ ದಾಟಲು ಮಗು ಇವತ್ತೂ ಒಪ್ಪಿರಲಿಲ್ಲ.

ತಾಯಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೊದಲ ದಿನ ಇನ್ಸ್‌ಪೆಕ್ಟರಮ್ಮ ಅಲ್ಲಿಗೆ ಹೋದಾಗ ಅವಳು ಹೊಲಿಗೆ ನಿಲ್ಲಿಸದೆಯೇ ಮಾತಾಡಿದ್ದಳು.

"ಇವಳಿಗೆ ಬೀದಿಯವರೆಲ್ಲ ರೇಡಿಯೋ ಅಂತ ಹೆಸರಿಟ್ಟಿದ್ರು ಮೇಡಂ. ಎದ್ದಾಗಿಂದ ಮಲಗೋವರೆಗೂ ವಟವಟ. ಸೂಜಿ ಯಾಕೆ ಚುಚ್ಚುತ್ತೆ, ಕತ್ತರಿಗೆ ನೋವಾಗಲ್ವಾ, ನೀನು ಚಿಕ್ಕವಳಿದ್ದಾಗ ನಾನು ಎಲ್ಲಿದ್ದೆ... ತಲೆ ಚಿಟ್ಟು ಹಿಡಿಯೋದು. ಅವತ್ತು ಬೆಳಿಗ್ಗೆ ನಾನೇ ಅಂದಿದ್ದೆ, ಒಂದು ನಿಮಿಷ ಬಾಯಿಗೆ ಬೀಗ ಹಾಕ್ತೀಯೇನೇ ಅಂತ."

ಅಷ್ಟು ಹೇಳಿ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ್ದಳು. "ಇಲಾಖೆಯವರು ಏನು ಬರೆದುಕೊಟ್ಟಿದ್ದಾರೆ ಗೊತ್ತಾ? ವಿದ್ಯಾರ್ಥಿನಿ ಸ್ವಭಾವತಃ ಮಿತಭಾಷಿ ಅಂತೆ. ಓದಿ ಮೊದಲು ನಗು ಬಂತು. ಆಮೇಲೆ ಅಳು ನಿಲ್ಲಲಿಲ್ಲ. ನನಗೆ ಬೇರೇನೂ ಬೇಡ ಮೇಡಂ. ನನ್ನ ಮಗಳು ಮಾತಾಡ್ತಿದ್ಲು, ನಮ್ಮ ಶಾಲೆಯಲ್ಲಿ ಅವಳ ಮಾತು ಹೋಯ್ತು ಅಂತ ಅವರು ಕಾಗದದ ಮೇಲೆ ಬರೀಲಿ. ಅಷ್ಟು ಸಾಕು."

ಮಗು ಮೂಲೆಯಲ್ಲಿ ಕೂತು ಗುಂಡಿಗಳ ಡಬ್ಬ ಸುರಿದುಕೊಂಡು ಬಣ್ಣ ಬೇರೆ ಮಾಡುತ್ತಿತ್ತು. ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ಕೂತು ಬೇಕೆಂದೇ ಒಂದು ನೀಲಿ ಗುಂಡಿಯನ್ನು ಹಸಿರಿನ ಗುಂಪಿಗೆ ಹಾಕಿದರು. ಮಗು ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ದಡ್ಡ ವಿದ್ಯಾರ್ಥಿಗೆ ಹೇಳಿಕೊಡುವವಳಂತೆ ಅದನ್ನೆತ್ತಿ ನೀಲಿ ಗುಂಪಿಗಿಟ್ಟಿತು.

ಅಲ್ಲಿಂದ ಶುರುವಾಯಿತು. ಕೇಸಿನ ನೆಪದಲ್ಲಿ ವಾರಕ್ಕೊಂದು ಸಲ, ಆಮೇಲೆ ನೆಪವೇ ಇಲ್ಲದೆ ಎರಡು ಸಲ. "ಅಜ್ಜಿ ಬಂದ್ರು ನೋಡು" ಎಂದು ತಾಯಿ ಅಂದರೆ, "ಅಜ್ಜಿ ಗಿಜ್ಜಿ ಅಂದ್ರೆ ನೋಡು ಮತ್ತೆ, ನನಗಿನ್ನೂ ಹಲ್ಲೆಲ್ಲ ಇವೆ" ಎಂದು ಅವರು ರೇಗುತ್ತಿದ್ದರು. ಮಗುವಿನ ತುಟಿಯ ಒಂದು ಮೂಲೆ ಮಾತ್ರ ಮೇಲೇಳುತ್ತಿತ್ತು.

ಮೂರು ವಾರದಿಂದ ಅವರ ಸ್ವೆಟರಿನ ಮೂರನೇ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿತ್ತು. ಕೊಡಿ, ಹೊಲಿದುಕೊಡುತ್ತೇನೆಂದು ತಾಯಿ ಎಷ್ಟೋ ಸಲ ಕೈ ಚಾಚಿದ್ದಳು. ಇರಲಿ, ಮುಂದಿನ ಸಲ ಎಂದು ಅವರು ಮುಂದೂಡುತ್ತಲೇ ಇದ್ದರು. ಮುಂದಿನ ಸಲ ಎನ್ನುವುದೊಂದು ಇರಬೇಕೆಂಬ ಆಸೆ ಅವರದು. ಟೈಲರಿನ ಮಗಳಿಗೆ ಆ ಗುಂಡಿಯ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಮದುವೆ, ಮಕ್ಕಳು ಇಲ್ಲವೆಂದು ಇನ್ಸ್‌ಪೆಕ್ಟರಮ್ಮ ಎಂದೂ ಕೊರಗಿದವರಲ್ಲ. ಆದರೆ ಈಚೆಗೆ ಮನೆಯಲ್ಲಿ ಒಬ್ಬರೇ ಕೂತಾಗ, ತಾವು ಎಂದೂ ಕೇಳದ ಒಂದು ದನಿಯನ್ನು ಊಹಿಸಿಕೊಳ್ಳುತ್ತಿದ್ದರು. ಕೀರಲೋ, ಗೊಗ್ಗರೋ, ಪ್ರಶ್ನೆಯ ಕೊನೆಗೆ ಏರುತ್ತದೋ. ಕೇಳಿದ ದನಿ ನೆನೆದು ತಾಯಿ ಹಂಬಲಿಸುತ್ತಾಳೆ, ಸರಿ. ಕೇಳದ ದನಿಗಾಗಿ ಹೀಗೆ ಜೀವ ಎಳೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಬಡಗಿಯನ್ನು ಕಳಿಸಿ ಅವರು ಹೆಡ್‌ಮೇಡಂ ಕೋಣೆಯ ಬಾಗಿಲು ತಟ್ಟಿದರು.

ಹೆಡ್‌ಮೇಡಂ ನಿವೃತ್ತಿಗೆ ಒಂದು ತಿಂಗಳಿತ್ತು. ಕಪಾಟು ಖಾಲಿ ಮಾಡುತ್ತಿದ್ದರು. ಮೇಜಿನ ಮೇಲೆ ಹಳೆಯ ಪುಸ್ತಕಗಳ ಅಟ್ಟಿ, ಅದರ ಮೇಲೆ ದೂಳು ಒರೆಸುವ ಬಟ್ಟೆ.

"ಕೂತ್ಕೊಳ್ಳಿ ಮೇಡಂ. ದೂರು ಪುಸ್ತಕ ಆಗಲೇ ನಿಮ್ಮ ವಕೀಲರಿಗೆ ತೋರಿಸಿದ್ದೀನಿ. ಆ ಮಗುವಿನ ವಿಷಯಕ್ಕೆ ಮೊದಲು ಮಾಸ್ತರ ಮೇಲೆ ಒಂದು ದೂರೂ ಇಲ್ಲ."

"ನೋಡಿದೆ. ಹೊಸ ಸ್ಲೇಟಿನ ಹಾಗಿದೆ. ಇಷ್ಟು ಪುಣ್ಯವಂತ ಶಾಲೆ ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ."

ಹೆಡ್‌ಮೇಡಂ ನಗಲಿಲ್ಲ.

"ಆ ಕೋಣೆ ಬಾಗಿಲಿಗೆ ಗಾಜು ಹಾಕಿಸಿದ್ದು ನೀವಲ್ವಾ?"

"ಹೌದು."

"ಸೀಮೆಸುಣ್ಣದಲ್ಲಿ ಎತ್ತರ ಗುರುತು ಹಾಕಿದ್ದೂ ನೀವೇ?"

"ನಾನೇ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಇನ್ಸ್‌ಪೆಕ್ಟರಮ್ಮ ಎಣಿಸಿರಲಿಲ್ಲ. ಆದರೂ ಬಿಡಲಿಲ್ಲ. "ಅಂದ್ರೆ ನಾಲ್ಕು ವರ್ಷದ ಹಿಂದೆಯೇ ಆ ಮಾಸ್ತರು ಅಲ್ಲಿ ಮಕ್ಕಳನ್ನ ಕೂಡಿಹಾಕ್ತಾನೆ ಅಂತ ನಿಮಗೆ ಗೊತ್ತಿತ್ತು. ಅವನಿಗೆ ಒಂದು ಮಾತು ಅನ್ನೋ ಬದಲು ಬಾಗಿಲು ಕೊರೆಸಿದ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕೂಡಿಹಾಕಿದ್ರೂ ಮಗುವಿಗೆ ಹೊರಗೆ ಕಾಣಲಿ ಅಂತ ದಯೆ ತೋರಿಸಿದ್ರಾ?"

"ಎತ್ತರ ನನ್ನ ದಯೆ" ಎಂದರು ಹೆಡ್‌ಮೇಡಂ ಮೆಲ್ಲಗೆ. "ಗಾಜು ನನ್ನದಲ್ಲ. ಮೇಲಿಂದ ಬಂದ ಸೂಚನೆ."

"ಯಾರ ಸೂಚನೆ?"

"ದೂರು ಪುಸ್ತಕ ಕೇಳಿದ್ರಿ, ಕೊಟ್ಟೆ. ಹಾಜರಿ ಪುಸ್ತಕ ಕೇಳಿದ್ರಿ, ಕೊಟ್ಟೆ. ಇದನ್ನ ಯಾಕೋ ನೀವು ಕೇಳ್ಲೇ ಇಲ್ಲ. ಮರೆತ್ರಾ, ಬೇಕಂತಲೇ ಬಿಟ್ರಾ ಅಂತ ಇಷ್ಟು ದಿನದಿಂದ ಯೋಚನೆ ಮಾಡ್ತಿದ್ದೀನಿ."

ಅವರು ಅಟ್ಟಿಯಿಂದ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ಎಳೆದು ಮುಂದಿಟ್ಟರು. ತಪಾಸಣಾ ಪುಸ್ತಕ. ಶಾಲೆಗೆ ಬಂದ ಇನ್ಸ್‌ಪೆಕ್ಟರುಗಳು ಹೋಗುವ ಮುನ್ನ ತಮ್ಮ ಅಭಿಪ್ರಾಯ ಬರೆದು ರುಜು ಹಾಕುವ ಪುಸ್ತಕ. ಒಂದು ಹಾಳೆಗೆ ಗುರುತಿಗಾಗಿ ದಾರ ಇಟ್ಟಿತ್ತು.

ಬಾಲ ಎಳೆದು ಬರೆಯುವ ಆ ಅಕ್ಷರ ಯಾರದೆಂದು ತಿಳಿಯಲು ಇನ್ಸ್‌ಪೆಕ್ಟರಮ್ಮನಿಗೆ ರುಜುವಿನವರೆಗೆ ಹೋಗಬೇಕಾಗಿರಲಿಲ್ಲ.

'ಶಾಲೆಯ ಶಿಸ್ತು ತೃಪ್ತಿಕರ. ಸೂಚನೆಗಳು: ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸುವುದು. ಎರಡನೇ ತರಗತಿಯ ಕಪ್ಪುಹಲಗೆಗೆ ಬಣ್ಣ ಬಳಿಸುವುದು. ಆಟದ ಸಾಮಾನಿನ ಕೋಣೆಯಲ್ಲಿ ಬೆಳಕು ಸಾಲದು. ಒಳಗಿರುವ ಮಕ್ಕಳು ಹೊರಗಿನವರಿಗೆ ಕಾಣುವಂತೆ ಬಾಗಿಲಿಗೆ ಗಾಜು ಅಳವಡಿಸುವುದು.'

ಒಳಗಿರುವ ಮಕ್ಕಳು. ಅವರು ಆ ಎರಡು ಶಬ್ದಗಳನ್ನು ಮತ್ತೆ ಮತ್ತೆ ಓದಿದರು. ಚೆಂಡು ಇಡುವ ಕೋಣೆಯೊಳಗೆ ಮಕ್ಕಳು ಯಾಕಿರುತ್ತಾರೆಂದು ಬರೆದವರು ಕೇಳಿರಲಿಲ್ಲ.

ಆಗ ನೆನಪಾಯಿತು. ಅವತ್ತು ಅದು ಐದನೆಯ ಶಾಲೆ. ನಾಲ್ಕಕ್ಕೆ ಕಚೇರಿಯಲ್ಲಿ ಸಭೆ, ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕೋಣೆಯ ಬಾಗಿಲು ತೆಗೆಸಿದಾಗ ಕತ್ತಲಲ್ಲಿ ಚಾಪೆಗಳ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಮಾಸ್ತರು ನಕ್ಕಿದ್ದ: 'ಮಾತು ಜಾಸ್ತಿ ಮೇಡಂ. ಐದೇ ನಿಮಿಷ.' ಅವರೂ ಆ ಹುಡುಗಿಯ ಕಡೆ ಒಂದು ನಗೆ ಬೀರಿ ಮುಂದೆ ಹೋಗಿದ್ದರು.

ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದ ಇನ್ಸ್‌ಪೆಕ್ಟರುಗಳಿಗೆ ಅವರೇ ಪಾಠ ಹೇಳುತ್ತಿದ್ದರು: 'ಮನುಷ್ಯರ ಬಗ್ಗೆ ಬರೆದರೆ ವಿವರಣೆ ಕೇಳಿ ಹತ್ತು ಕಾಗದ ಬರುತ್ತವೆ. ಕಿಟಕಿಯ ಬಗ್ಗೆ ಬರೆದರೆ ಕಿಟಕಿ ಬರುತ್ತದೆ.' ಎಲ್ಲರೂ ನಗುತ್ತಿದ್ದರು. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

"ನನ್ನ ಮಾತನ್ನ ಅವನು ಕೇಳ್ತಿರಲಿಲ್ಲ" ಎಂದರು ಹೆಡ್‌ಮೇಡಂ. "ನೀವು ಬರ್ತೀರಿ, ಕಣ್ಣಾರೆ ನೋಡ್ತೀರಿ ಅಂತ ಅವತ್ತು ಆ ಕೋಣೆ ಮುಂದೆ ನಾನೇ ನಿಮ್ಮನ್ನ ಕರ್ಕೊಂಡು ಹೋದೆ. ನೀವು ಒಂದು ಸಾಲು ಬರೆದಿದ್ರೆ ಅವನ ಕೆಲಸ ಹೋಗ್ತಿತ್ತು. ನೀವು ಗಾಜು ಕೇಳಿದ್ರಿ. ಗಾಜು ಹಾಕಿಸಿದೆ."

"ಆಮೇಲೆ ನೀವಾದ್ರೂ..."

"ನಾನಾದ್ರೂ ಬರೀಬಹುದಿತ್ತು. ಬರೀಲಿಲ್ಲ. ಹೇಡಿತನ. ಅದನ್ನ ಯಾರು ಕೇಳಿದ್ರೂ ಒಪ್ಕೋತೀನಿ." ಅವರು ದೂಳು ಬಟ್ಟೆ ಮಡಿಸಿದರು, ಮತ್ತೆ ಬಿಡಿಸಿದರು. "ಬಡಗಿಯನ್ನ ಕೋರ್ಟಿಗೆ ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಗಾಳಿ ಬೆಳಕಿಗೆ ಹಾಕಿಸಿದ್ದು ಅಂತ ಇಲಾಖೆ ವಕೀಲ ಹೇಳ್ತಾನೆ, ಮುಗೀತು. ಈ ಹಾಳೆ ಇದ್ರೆ ಹಾಗೆ ಹೇಳಕ್ಕಾಗಲ್ಲ. ಇಲಾಖೆಯವರೇ ಬಂದು, ಮಗುವನ್ನ ಒಳಗೆ ನೋಡಿ, ಬರೆದು ಹೋದದ್ದು."

"ಹೌದು."

"ಈ ಪುಸ್ತಕವನ್ನ ಯಾರೂ ಕೇಳಿಲ್ಲ. ಬೇಡ ಅಂದ್ರೆ ಹಳೇ ಕಾಗದದ ಜೊತೆ ಹೋಗುತ್ತೆ. ನಾನು ನೋಡಿಲ್ಲ, ನೀವೂ ನೋಡಿಲ್ಲ. ಬೇಕು ಅಂದ್ರೆ ರಸೀದಿ ಬರೆದು ತಗೊಂಡು ಹೋಗಿ."

ಇನ್ಸ್‌ಪೆಕ್ಟರಮ್ಮ ಪುಸ್ತಕದ ಮೇಲಿಂದ ಕೈ ತೆಗೆಯಲಿಲ್ಲ. ನಿವೃತ್ತಿ ವೇತನ ನಿಂತರೆ ನಿಲ್ಲಲಿ, ನಾಲ್ಕು ಜನರ ಬಾಯಿಗೆ ಬಿದ್ದರೆ ಬೀಳಲಿ. ಅದಲ್ಲ ಅವರ ಕೈ ಹಿಡಿದದ್ದು. ಸೋಮವಾರ ಕಟಕಟೆಯಲ್ಲಿ ನಿಂತು ಈ ಅಕ್ಷರ ನನ್ನದು ಎಂದು ಹೇಳಿದ ಮೇಲೆ, ಮಂಗಳವಾರ ಆ ಹೊಲಿಗೆ ಅಂಗಡಿಯ ಬಾಗಿಲು ತಟ್ಟುವುದು ಯಾವ ಮುಖ ಹೊತ್ತು? ಗುಂಡಿಗಳ ಡಬ್ಬದ ಮುಂದೆ ಕೂರುವುದು ಹೇಗೆ? ಅಷ್ಟು ಸಣ್ಣ ಜಾಗ, ಮಗುವಿನ ಪಕ್ಕದ ಒಂದು ಮೊಳ ನೆಲ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

"ಆ ಎರಡು ಜಡೆ ಹುಡುಗಿ" ಎಂದರು ಕೊನೆಗೆ. "ಅವಳು ಮಾತಾಡ್ತಾಳಾ?"

"ಮಾತಾಡ್ತಾಳೆ. ಈಗ ಹತ್ತು ವರ್ಷ ಅವಳಿಗೆ. ಆದ್ರೆ ಆ ಜಗಲಿ ಕಡೆಯಿಂದ ಇವತ್ತಿಗೂ ನಡೆಯಲ್ಲ. ಸುತ್ತಿ ಬಳಸಿ ಮೈದಾನದಿಂದ ಬರ್ತಾಳೆ."

ಇನ್ಸ್‌ಪೆಕ್ಟರಮ್ಮ ಪೆನ್ನು ತೆಗೆದು ರಸೀದಿ ಬರೆದರು. ಬಾಲ ಎಳೆದ ಅದೇ ಅಕ್ಷರ. ಪುಸ್ತಕ ಚೀಲಕ್ಕೆ ಸೇರಿತು.

ಆದರೂ ಚೀಲದಲ್ಲಿಟ್ಟುಕೊಂಡದ್ದನ್ನು ಕೋರ್ಟಿಗೆ ಕೊಡಲೇಬೇಕೆಂದು ಯಾವ ದೇವರೂ ಹೇಳಿರಲಿಲ್ಲ. ಗೇಟಿನವರೆಗಿನ ಐವತ್ತು ಹೆಜ್ಜೆಯೂ ಅವರು ಅದನ್ನೇ ಯೋಚಿಸುತ್ತ ನಡೆದರು. ಬೇರೆ ದಾರಿ ಇರಬಹುದು. ಆ ಹುಡುಗಿಯ ಮನೆಯವರನ್ನು ಹುಡುಕಬಹುದು, ಕಾವಲುಗಾರನನ್ನು ಇನ್ನೊಮ್ಮೆ ಕೇಳಬಹುದು. ಒಂದೇ ದಿನ ಉಳಿದಿರುವಾಗ ಇವೆಲ್ಲ ಆಗುವ ಮಾತಲ್ಲವೆಂದು ಅವರಿಗೇ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಈ ಶಾಲೆಯನ್ನು ಎಷ್ಟು ಸಲ ಬೈದಿದ್ದರು! ಆ ಬೇಲಿಯಲ್ಲಿ ತಾವೂ ಒಂದು ಗೂಟ.

ತಾಯಿ ಅವರನ್ನು ಕಂಡು ಬೆಂಚಿನಿಂದ ಎದ್ದಳು. ಮಗು ಎದ್ದು ರಸ್ತೆಯ ಅಂಚಿನವರೆಗೆ ಬಂತು. ಅಲ್ಲಿಗೆ ನಿಲ್ಲುವುದು ಅದರ ರೂಢಿ.

ಇವತ್ತು ನಿಲ್ಲಲಿಲ್ಲ.

ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಮುಷ್ಟಿ ಬಿಗಿಹಿಡಿದುಕೊಂಡು ರಸ್ತೆ ದಾಟಿ ನೇರ ಗೇಟಿನ ಹತ್ತಿರಕ್ಕೇ ಬಂತು. ಹಿಂದೆ ತಾಯಿ ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಿದ್ದಳು. ಮಗು ಇನ್ಸ್‌ಪೆಕ್ಟರಮ್ಮನ ಸ್ವೆಟರಿನತ್ತ ಕತ್ತೆತ್ತಿ ನೋಡಿತು. ಮೂರನೇ ಗುಂಡಿಯ ಜಾಗದಲ್ಲಿ ಬರೀ ದಾರ ಇತ್ತು. ಬೆಳಿಗ್ಗೆ ಅವರ ಜೊತೆ ಬೆಂಚಿನ ಮೇಲೆ ಕೂತಿದ್ದಾಗ ಕಳಚಿ ಬಿದ್ದಿರಬೇಕು.

ಮುಷ್ಟಿ ಬಿಚ್ಚಿತು.

"ಅಜ್ಜಿ, ಗುಂಡಿ" ಎಂದಿತು ಮಗು. "ಬಿದ್ದಿತ್ತು."

ದನಿ ಕೀರಲೂ ಅಲ್ಲ, ಗೊಗ್ಗರೂ ಅಲ್ಲ. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗಿನ ಹಾಗೆ ಸ್ವಲ್ಪ ಜಡ್ಡುಗಟ್ಟಿತ್ತು. ಇನ್ಸ್‌ಪೆಕ್ಟರಮ್ಮ ಊಹಿಸಿದ ಯಾವ ದನಿಯೂ ಇದಾಗಿರಲಿಲ್ಲ. ಇದು ಎಲ್ಲಕ್ಕಿಂತ ಚೆನ್ನಾಗಿತ್ತು.

ತಾಯಿ ಓಡಿ ಬಂದು ರಸ್ತೆಯ ದೂಳಿನಲ್ಲೇ ಕುಸಿದು ಕೂತು ಮಗಳನ್ನು ಬಾಚಿ ತಬ್ಬಿಕೊಂಡಳು. "ಇನ್ನೊಂದು ಸಲ ಅನ್ನು ಪುಟ್ಟಿ, ಇನ್ನೊಂದೇ ಸಲ" ಎಂದು ಬೇಡಿದಳು. ಮಗು ಅನ್ನಲಿಲ್ಲ. ತಬ್ಬಿದ ತೋಳುಗಳ ಸಂದಿಯಿಂದ ಕೈ ಹೊರಚಾಚಿ ಗುಂಡಿಯನ್ನು ಇನ್ಸ್‌ಪೆಕ್ಟರಮ್ಮನ ಅಂಗೈಯಲ್ಲಿಟ್ಟಿತು. ಇಟ್ಟ ಕೈಯನ್ನು ಹಿಂದೆ ತೆಗೆಯಲೂ ಇಲ್ಲ.

"ನಿಮ್ಮಿಂದ ಮೇಡಂ" ಎಂದಳು ತಾಯಿ, ಮುಖ ಒರೆಸಿಕೊಳ್ಳದೆಯೇ. "ಡಾಕ್ಟರ್ ಕೈಲಾಗಲಿಲ್ಲ, ನನ್ನ ಕೈಲಾಗಲಿಲ್ಲ. ಅಮ್ಮ ಅಂತ ಕರೀಲಿ ಅಂತ ಕಾದಿದ್ದೆ. ಪರವಾಗಿಲ್ಲ, ಅಜ್ಜಿ ಅಂದ್ಲಲ್ಲ, ಅಷ್ಟು ಸಾಕು. ನೀವು ನಮ್ಮ ಮನೆಯವರೇ."

ಇನ್ಸ್‌ಪೆಕ್ಟರಮ್ಮ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ಒಳಗೆ ಏನಾಯ್ತು ಮೇಡಂ? ಏನಾದ್ರೂ ಸಿಕ್ತಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡೇ ಅಕ್ಷರ. ಅಂದುಬಿಟ್ಟರೆ ಮಂಗಳವಾರ ಬರುತ್ತದೆ, ಗುಂಡಿ ಹೊಲಿಯುವುದಾಗುತ್ತದೆ, ಡಬ್ಬ ಸುರಿಯುವುದಾಗುತ್ತದೆ. ಅವರು ಬಗ್ಗಿ ಮಗುವಿನ ಮುಖ ನೋಡಿದರು. ಮಗು ಅವರ ಭುಜದಾಚೆ, ಕಂಬಿಗಳ ನಡುವೆ ಕಾಣುವ ಜಗಲಿಯ ಕಡೆ ದಿಟ್ಟಿಸುತ್ತಿತ್ತು.

"ಸಿಕ್ತು" ಎಂದರು. "ಮೊದಲೇ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ ಸಿಕ್ಕಿದೆ. ಇಲಾಖೆಯವರೊಬ್ಬರು ನಾಲ್ಕು ವರ್ಷದ ಹಿಂದೆಯೇ ಬಂದು, ಆ ಕೋಣೆಯಲ್ಲಿ ಒಂದು ಮಗುವನ್ನ ಕಣ್ಣಾರೆ ನೋಡಿದ್ದಾರೆ. ನೋಡಿ ಸುಮ್ಮನೆ ಹೋಗಿದ್ದಾರೆ."

ತಾಯಿಯ ಮುಖದಿಂದ ಅಳುವೂ ನಗುವೂ ಒಟ್ಟಿಗೇ ಇಳಿದುಹೋದವು. ಅವಳು ಮಗಳನ್ನು ಬಿಟ್ಟು ಎದ್ದು ನಿಂತಳು.

"ಯಾರವರು?" ಎಂದು ಕೇಳಿದಳು. "ಹೆಸರು ಹೇಳಿ ಮೇಡಂ. ಯಾರು?"

ಮಗುವಿನ ಕೈ ಇನ್ನೂ ಇನ್ಸ್‌ಪೆಕ್ಟರಮ್ಮನ ಕೈಯಲ್ಲೇ ಇತ್ತು.